ಹಡಗಿಗಾಗಿ ನೆಟ್ಟ ಮರ

ಸೈಬೀರಿಯ ಎಂಬ ಹೆಸರನ್ನು ನೀವು ರೇಡಿಯೋ ವಾರ್ತೆಗಳಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಹೆಸರು ಕಿವಿಗೆ ಬಿದ್ದೊಡನೆ ಹಿಮ, ಚಳಿಗಾಳಿ, ತೋಳಗಳ ಹಿಂಡು ಇವಿಷ್ಟು ಕಣ್ಣ ಮುಂದೆ ಸುಳಿಯುವುದುಂಟು. ಅಲ್ಲಿ ಬೆಳೆಯುವ ಮರ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಪೈನ್ ಇರಬಹುದು ಎನ್ನುತ್ತೇವೆ. ಇಲ್ಲವೇ ಕ್ರಿಸ್ಮಸ್ ಚಿತ್ರಗಳಲ್ಲಿ ಕಾಣುವ ಮೊನಚು ತಲೆಯ ಮರವನ್ನು ನೆನೆಯುತ್ತೇವೆ. ಅವೂ ಅಲ್ಲಿ ಉಂಟು. ಆದರೆ ಆ ವಿಶಾಲ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೆಲವನ್ನು ಹಿಡಿದು ನಿಂತಿರುವ ಮರ ಬೇರೆ. ಅದರ ಹೆಸರು ಲಾರ್ಚ್. ಈ ಮರಕ್ಕೂ ಮನುಷ್ಯನಿಗೂ ಎರಡು ಸಾವಿರ ವರ್ಷಗಳಿಗೂ ಮೀರಿದ ಒಡನಾಟವಿದೆ. ಆ ಒಡನಾಟದಲ್ಲಿ ಒಂದು ಅಧ್ಯಾಯವಂತೂ ಬಹು ಸ್ವಾರಸ್ಯದ್ದು. ಅದನ್ನು ನಿಮಗೆ ಹೇಳಬೇಕೆಂದೇ ಈ ಲೇಖನ.

ಮೊದಲು ಮರದ ಪರಿಚಯವಾಗಲಿ. ದೇವದಾರು, ಪೈನ್, ಫರ್ ಮೊದಲಾದವುಗಳಂತೆ ಇದೂ ಸೂಜಿಯಂಥ ಎಲೆಯುಳ್ಳದ್ದು, ಹೂವಿನ ಬದಲು ಶಂಕುವಿನಾಕಾರದ ಕಾಯಿ ಬಿಡುವ ಕುಲದ್ದು. (ನಮ್ಮ ಕರಾವಳಿಯ ಗಾಳಿಮರವೂ ದೂರಕ್ಕೆ ಹಾಗೆಯೇ ಕಾಣುತ್ತದೆ, ಆದರೆ ಅದು ಈ ಕುಲಕ್ಕೆ ಸೇರಿದ್ದಲ್ಲ.) ಈ ಕುಲದ ಮರಗಳೆಲ್ಲ ಸಾಮಾನ್ಯವಾಗಿ ವರ್ಷವಿಡೀ ಹಸಿರಾಗಿರುತ್ತವೆ. ಲಾರ್ಚ್ ಮಾತ್ರ ಕುಲಾಚಾರವನ್ನು ಮುರಿದ ಮರ. ಶರತ್ಕಾಲ ಬಂದಿತೆಂದರೆ ಅದರ ಮೆತ್ತನೆಯ ಹಸಿರು ಸೂಜಿಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಕೆಲವು ವಾರಗಳಲ್ಲಿ ಅಷ್ಟೂ ಉದುರಿ ಮರ ಬರಿದಾಗಿ ನಿಲ್ಲುತ್ತದೆ. ಅರಿಯದವರು ಮರ ಸತ್ತಿತೆಂದೇ ತಿಳಿದಾರು. ವಸಂತದಲ್ಲಿ ಕಡ್ಡಿ ಕಡ್ಡಿಯ ಮೇಲೂ ಎಳೆ ಸೂಜಿಗಳು ಕುಚ್ಚುಕುಚ್ಚಾಗಿ ಮತ್ತೆ ಹೊರಡುತ್ತವೆ.

ಇದೇಕೆ ಹೀಗೆ ಎಂದರೆ, ನಮ್ಮ ಕಾಡಿನ ತೇಗವೇ ಉತ್ತರ ಹೇಳುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ ತೇಗ ಎಲೆ ಕಳಚುವುದನ್ನು ಮಲೆನಾಡಿನ ಅಂಚಿನಲ್ಲಿರುವವರೆಲ್ಲ ಬಲ್ಲರು. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಬೇರಿಗೆ ನೀರು ಸಿಗದ ಕಾಲದಲ್ಲಿ ಅಂಥ ಖರ್ಚು ಮರಕ್ಕೆ ಕಟ್ಟುವುದಿಲ್ಲ. ಉತ್ತರದ ಚಳಿಗಾಲದಲ್ಲಿ ನೀರೇನೋ ಇದೆ, ಆದರೆ ಅದು ನೆಲದೊಳಗೆ ಕಲ್ಲಾಗಿ ಹೆಪ್ಪುಗಟ್ಟಿದೆ. ಬೇರಿನ ಪಾಲಿಗೆ ಹೆಪ್ಪುಗಟ್ಟಿದ ನೀರೂ ಒಂದೇ, ಇಲ್ಲದ ನೀರೂ ಒಂದೇ. ಆದ್ದರಿಂದ ಲಾರ್ಚ್ ಎಲೆ ಕಳಚಿ, ಬಾಯಿ ಮುಚ್ಚಿ ಕುಳಿತುಕೊಳ್ಳುತ್ತದೆ. ನಮ್ಮ ಬೇಸಗೆಯೂ ಅವರ ಚಳಿಗಾಲವೂ ಮರದ ಲೆಕ್ಕದಲ್ಲಿ ಬಹುಮಟ್ಟಿಗೆ ಒಂದೇ ಎಂಬುದು ಯೋಚಿಸಿದರೆ ಸೋಜಿಗವೇ. ತೇಗದ ಮಾತು ಇಲ್ಲಿಗೆ ಮುಗಿಯಲಿಲ್ಲ. ಮುಂದೆ ಮತ್ತೆ ಬರಲಿದೆ.

ಲಾರ್ಚ್ ಮರದಲ್ಲಿ ಹತ್ತು ಹನ್ನೆರಡು ಜಾತಿಗಳಿವೆ. ಯೂರೋಪಿನ ಆಲ್ಪ್ಸ್ ಪರ್ವತಗಳದ್ದೊಂದು, ಸೈಬೀರಿಯದ್ದೊಂದು, ಜಪಾನಿನದ್ದೊಂದು, ಉತ್ತರ ಅಮೆರಿಕದ ಜೌಗು ನೆಲದ್ದೊಂದು, ಹೀಗೆ. ನಮ್ಮ ದೇಶದಲ್ಲೂ ಒಂದಿದೆ. ಸಿಕ್ಕಿಂ, ಭೂತಾನ, ಪೂರ್ವ ನೇಪಾಳಗಳ ಎತ್ತರದ ಕಣಿವೆಗಳಲ್ಲಿ, ಜೋಲು ಕೊಂಬೆಗಳನ್ನು ಇಳಿಬಿಟ್ಟುಕೊಂಡು ಬೆಳೆಯುವ ಈ ಹಿಮಾಲಯದ ಲಾರ್ಚ್‌ಗೆ ವಿಲಿಯಂ ಗ್ರಿಫಿತ್ ಎಂಬಾತನ ಹೆಸರಿಟ್ಟಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಈತ ಗಿಡಮರಗಳ ಹುಚ್ಚು ಹಿಡಿಸಿಕೊಂಡು ಅಸ್ಸಾಂ, ಭೂತಾನ, ಆಫ್ಘಾನಿಸ್ತಾನಗಳನ್ನೆಲ್ಲ ಸುತ್ತಿ, ಮೂವತ್ತೈದು ತುಂಬುವ ಮೊದಲೇ ೧೮೪೫ರಲ್ಲಿ ಮಲಕ್ಕಾದಲ್ಲಿ ತೀರಿಕೊಂಡ.

ಉತ್ತರಕ್ಕೆ ಹೋದಷ್ಟೂ ಬೇರೆ ಮರಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಯಾಕೂತಿಯದ ವೆರ್ಖೊಯಾನ್ಸ್ಕ್, ಒಯ್ಮಿಯಕೋನ್ ಎಂಬ ಊರುಗಳಲ್ಲಿ ಉಷ್ಣತೆ ಸೊನ್ನೆಗಿಂತ ೬೭ ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೂ ಇಳಿದದ್ದುಂಟು. ಅಲ್ಲಿ ಬೇಸಗೆಯಲ್ಲಿ ನೆಲದ ಮೇಲ್ಪದರ ನಾಲ್ಕಾರು ಅಡಿ ಕರಗಿದರೆ ಹೆಚ್ಚು; ಅದರ ಕೆಳಗೆ ಸಾವಿರಾರು ವರ್ಷಗಳಿಂದ ಕರಗದ ಹೆಪ್ಪುನೆಲ. ಆ ತೆಳು ಪದರದಲ್ಲೇ ಬೇರನ್ನು ಅಡ್ಡಡ್ಡಕ್ಕೆ ಹರಡಿಕೊಂಡು ಲಾರ್ಚ್ ಬದುಕುತ್ತದೆ. ತೈಮಿರ್ ಪರ್ಯಾಯದ್ವೀಪದಲ್ಲಿ, ಉತ್ತರ ಅಕ್ಷಾಂಶ ೭೨ ಡಿಗ್ರಿಯನ್ನೂ ದಾಟಿ, ಆರಿ-ಮಾಸ್ ಎಂಬ ಸಣ್ಣದೊಂದು ಕಾಡಿದೆ. ಭೂಮಿಯ ಮೇಲೆ ಕಾಡು ಎನ್ನಿಸಿಕೊಳ್ಳುವಂಥದು ಅದಕ್ಕಿಂತ ಉತ್ತರದಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿನ ಮರಗಳೆಲ್ಲ ಕುಳ್ಳು. ಆದರೆ ಎಲ್ಲವೂ ಲಾರ್ಚೇ.

ಇಷ್ಟು ನಿಧಾನವಾಗಿ, ಇಷ್ಟು ಕಷ್ಟಪಟ್ಟು ಬೆಳೆದ ಮರದ ಕಾಷ್ಠ ಮೆದುವಾಗಿರುವುದುಂಟೇ? ವರ್ಷಕ್ಕೊಂದರಂತೆ ಕೂಡುವ ಉಂಗುರಗಳು ಒತ್ತೊತ್ತಾಗಿ ಬಿಗಿದುಕೊಳ್ಳುತ್ತವೆ; ನಡುವಿನ ಚೇಗು ರಾಳದಿಂದ ತುಂಬಿ ಕೆಂಪಗಿರುತ್ತದೆ. ನೀರಿನಲ್ಲಿಟ್ಟರೂ ಬೇಗ ಕೊಳೆಯದು. ಅದು ಎಷ್ಟು ಕಾಲ ಬಾಳಬಲ್ಲುದು ಎಂಬುದಕ್ಕೆ ಆಲ್ತಾಯ್ ಪರ್ವತಗಳಲ್ಲಿ ಸಾಕ್ಷ್ಯ ಸಿಕ್ಕಿದೆ. ಅಲ್ಲಿ ಪಾಜಿರಿಕ್ ಎಂಬಲ್ಲಿ, ೧೯೨೯ರಲ್ಲಿ ಒಮ್ಮೆ, ಆಮೇಲೆ ೧೯೪೭ರಿಂದ ೧೯೪೯ರವರೆಗೆ, ರಷ್ಯದ ಪ್ರಾಕ್ತನ ಶೋಧಕರು ಪುರಾತನ ಅಲೆಮಾರಿ ಜನರ ಸಮಾಧಿಗಳನ್ನು ಅಗೆದರು. ಕಲ್ಲುಗುಡ್ಡೆಯ ಕೆಳಗೆ, ಹೆಪ್ಪುಗಟ್ಟಿದ ನೆಲದಲ್ಲಿ, ಲಾರ್ಚ್ ದಿಮ್ಮಿಗಳಿಂದ ಕಟ್ಟಿದ ಕೋಣೆಗಳು. ಅವುಗಳೊಳಗೆ ಲಾರ್ಚ್ ಬೊಡ್ಡೆಯನ್ನೇ ತೋಡಿ ಮಾಡಿದ ಶವಪೆಟ್ಟಿಗೆಗಳು. ಪಕ್ಕದಲ್ಲಿ ಕುದುರೆಗಳು, ಮರದ ರಥ, ಉಣ್ಣೆಯ ರತ್ನಗಂಬಳಿ. ಗಂಟು ಹಾಕಿ ನೇಯ್ದ ರತ್ನಗಂಬಳಿಗಳಲ್ಲಿ ಇಂದು ಉಳಿದಿರುವವುಗಳ ಪೈಕಿ ಅದೇ ಅತ್ಯಂತ ಹಳೆಯದೆಂದು ಪ್ರಸಿದ್ಧವಾಗಿದೆ. ಇವೆಲ್ಲ ೨,೦೦೦ ವರ್ಷಕ್ಕೂ ಹಿಂದಿನವು. ಉಳಿಸಿದ ಕೀರ್ತಿ ಹಿಮಕ್ಕೆ ಸಲ್ಲಬೇಕಾದದ್ದು ನಿಜ. ಆದರೆ ದಿಮ್ಮಿಗಳ ಮೇಲೆ ಕೊಡಲಿಯ ಏಟುಗಳು ಕೂಡ ಇನ್ನೂ ಎದ್ದು ಕಾಣುತ್ತವೆ ಎಂದ ಮೇಲೆ ಮರಕ್ಕೂ ಒಂದಿಷ್ಟು ಪಾಲು ಕೊಡಬೇಕಲ್ಲವೇ?

ಇನ್ನು ಪಶ್ಚಿಮಕ್ಕೆ, ರೋಮಿಗೆ ಬನ್ನಿ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ತನ್ನ ಗ್ರಂಥದಲ್ಲಿ ಒಂದು ಕಥೆ ಹೇಳುತ್ತಾನೆ. ಜೂಲಿಯಸ್ ಸೀಸರ್ ಆಲ್ಪ್ಸ್ ಬಳಿ ದಂಡು ಬಿಟ್ಟಿದ್ದಾಗ ಲಾರಿಗ್ನಂ ಎಂಬ ಕೋಟೆಯವರು ಅವನಿಗೆ ಮಣಿಯಲಿಲ್ಲ. ಕೋಟೆಯ ಬಾಗಿಲ ಮುಂದೆ ಮರದ ತೊಲೆಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಎತ್ತರದ ಬುರುಜೊಂದಿತ್ತು. ಮರದ್ದು ತಾನೆ, ಸುಟ್ಟರಾಯಿತು ಎಂದು ಸೈನಿಕರು ಸೌದೆಯ ಹೊರೆಗಳನ್ನು ಒಟ್ಟಿ ಬೆಂಕಿ ಇಟ್ಟರು. ಜ್ವಾಲೆ ಮುಗಿಲು ಮುಟ್ಟಿತು. ಉರಿ ಆರಿದ ಮೇಲೆ ನೋಡಿದರೆ ಬುರುಜು ಇದ್ದಂತೆಯೇ ಇತ್ತು! ಕೊನೆಗೆ ಮುತ್ತಿಗೆ ಹಾಕಿ ಕೋಟೆಯನ್ನು ಗೆದ್ದ ಸೀಸರ್, ಇದು ಯಾವ ಮರ ಎಂದು ಕೇಳಿದನಂತೆ. ಊರಿನವರು ಸುತ್ತಲ ಕಾಡನ್ನು ತೋರಿಸಿದರಂತೆ. ಊರಿನ ಹೆಸರೇ ಮರಕ್ಕೂ ಬಂದಿತೆಂದು ವಿಟ್ರೂವಿಯಸನ ಅಂಬೋಣ.

ಕಥೆ ಚೆನ್ನಾಗಿದೆ. ಆದರೆ ಲಾರ್ಚ್ ಸುಡುವುದಿಲ್ಲವೆಂದು ನಂಬಿ ಯಾರೂ ಒಲೆಯ ಪಕ್ಕ ಅದರ ಕಪಾಟು ಮಾಡಿಸಬೇಡಿ, ಅದೂ ಉರಿಯುತ್ತದೆ. ದಪ್ಪ ತೊಲೆಯಾದರೆ ಹೊರಮೈ ಕರಿಕಾಗಿ ಒಳಮೈಯನ್ನು ಸ್ವಲ್ಪಕಾಲ ಕಾಯಬಲ್ಲದು, ಅಷ್ಟೆ. ಸೀಸರನೂ ತನ್ನ ಯುದ್ಧದ ಟಿಪ್ಪಣಿಗಳಲ್ಲಿ ಈ ಘಟನೆಯ ಸುದ್ದಿ ಎತ್ತಿಲ್ಲ. ವಿಟ್ರೂವಿಯಸ್ ಮುಂದೆ ಹೇಳುವ ಮಾತು ಮಾತ್ರ ನಂಬತಕ್ಕದ್ದು. ಈ ಮರವನ್ನು ಪೋ ನದಿಯ ಮೇಲೆ ರವೆನ್ನಾ ಮುಂತಾದ ಊರುಗಳಿಗೆ ತರುತ್ತಾರೆ. ರೋಮಿಗೂ ತರುವ ಅನುಕೂಲವಿದ್ದಿದ್ದರೆ ನಗರದ ಮನೆಗಳಿಗೆ ಎಷ್ಟೋ ಉಪಕಾರವಾಗುತ್ತಿತ್ತು ಎಂದು ಆತ ಮರುಗುತ್ತಾನೆ. ರೋಮಿಗೆ ಅದು ಆಮೇಲೆ ಬಂದೇ ಬಂದಿತು. ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ೧೨೦ ಅಡಿ ಉದ್ದ, ಉದ್ದಕ್ಕೂ ಎರಡಡಿ ದಪ್ಪವಿದ್ದ ಲಾರ್ಚ್ ತೊಲೆಯೊಂದನ್ನು ಜನ ನೋಡಲೆಂದೇ ಪ್ರದರ್ಶನಕ್ಕೆ ಇಟ್ಟಿದ್ದರೆಂದು ಪ್ಲೀನಿ ಬರೆದಿದ್ದಾನೆ. ನೀರೋ ತನ್ನ ರಂಗಮಂದಿರ ಕಟ್ಟಿಸುವವರೆಗೂ ಅದು ಹಾಗೆಯೇ ಉಳಿದಿತ್ತಂತೆ.

ನೀರಿನ ಮೇಲೆ ಊರು ಕಟ್ಟಿದ ವೆನಿಸ್ಸಿನವರಿಗಂತೂ ಲಾರ್ಚ್ ಬಿಟ್ಟರೆ ಗತಿಯಿರಲಿಲ್ಲ. ಕಾಡೋರ್ ಬೆಟ್ಟಗಳಲ್ಲಿ ಕಡಿದ ಮರಗಳನ್ನು ತೆಪ್ಪ ಕಟ್ಟಿ ಪ್ಯಾವೆ ನದಿಯಲ್ಲಿ ಇಳಿಸುತ್ತಿದ್ದರು. ಕೆಸರಿನಲ್ಲಿ ಒತ್ತಾಗಿ ಗೂಟಗಳನ್ನು ಹೊಡೆದು, ಅವುಗಳ ತಲೆಯ ಮೇಲೆ ಲಾರ್ಚ್ ಹಲಗೆಗಳನ್ನು ಹಾಸಿ, ಆ ಹಾಸಿನ ಮೇಲೆ ಕಲ್ಲಿನ ಅರಮನೆಗಳನ್ನು ಏರಿಸಿದರು. ಮರದ ನಡುತಿರುಳಿಗೆ ತೂತು ಕೊರೆದು ತೆಗೆದ ರಾಳಕ್ಕೆ ‘ವೆನಿಸ್ ಟರ್ಪೆಂಟೈನ್’ ಎಂದೇ ಹೆಸರಾಯಿತು. ಚಿತ್ರಗಾರರ ವಾರ್ನಿಷಿಗೂ ವೈದ್ಯರ ಮುಲಾಮಿಗೂ ಅದು ಬಳಕೆಯಾಗುತ್ತಿತ್ತು.

ಇಲ್ಲಿಯವರೆಗೆ ಜನ ಲಾರ್ಚನ್ನು ಕಡಿದದ್ದರ ಕಥೆಯಾಯಿತು. ನೆಟ್ಟದ್ದರ ಕಥೆ ಇನ್ನು ಮುಂದೆ.

ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿನ ರಾಜ್ಯಗಳ ಬಲಾಬಲವೆಲ್ಲ ಸಮುದ್ರದ ಮೇಲೆ ನಿರ್ಧಾರವಾಗುತ್ತಿತ್ತು. ಸಮುದ್ರವೆಂದರೆ ಹಡಗು, ಹಡಗೆಂದರೆ ಮರ. ಎಪ್ಪತ್ತನಾಲ್ಕು ಫಿರಂಗಿಯ ಒಂದು ಯುದ್ಧನೌಕೆಗೆ ಬಲಿತ ಓಕ್ ಮರಗಳು ಸುಮಾರು ೨,೦೦೦ ಬೇಕಾಗುತ್ತಿದ್ದವೆಂದು ಲೆಕ್ಕ ಹೇಳುತ್ತಾರೆ. ಓಕ್ ಹಡಗಿಗೆ ಒದಗುವಷ್ಟು ಬಲಿಯಲು ನೂರು ವರ್ಷ ಸಾಲದು. ಕಡಿಯುವ ವೇಗಕ್ಕೂ ಬೆಳೆಯುವ ವೇಗಕ್ಕೂ ತಾಳೆಯೇ ಇಲ್ಲ. ಇಂಗ್ಲೆಂಡಿನ ಜಾನ್ ಎವೆಲಿನ್ ಮಹಾಶಯ ೧೬೬೪ರಲ್ಲಿ ಮರಗಳ ಬಗ್ಗೆ ‘ಸಿಲ್ವ’ ಎಂಬ ದೊಡ್ಡ ಗ್ರಂಥ ಪ್ರಕಟಿಸಿದ್ದು ನೌಕಾದಳದವರ ಈ ಕಳವಳದಿಂದಲೇ. ಆತ ಲಾರ್ಚಿನ ಗುಣವನ್ನೂ ಹೊಗಳಿದ್ದ. ಆದರೆ ಆಗ ಬ್ರಿಟನ್ನಿನಲ್ಲಿ ಅದು ಅಲ್ಲೊಂದು ಇಲ್ಲೊಂದು ತೋಟದ ಅಲಂಕಾರವಾಗಿತ್ತೇ ಹೊರತು ಕಾಡಾಗಿರಲಿಲ್ಲ.

ರಷ್ಯದಲ್ಲಿ ಈ ಚಿಂತೆಯನ್ನು ಹಚ್ಚಿಕೊಂಡವನು ಪೀಟರ್ ಮಹಾಶಯ. ಬಾಲ್ಟಿಕ್ ದಡದಲ್ಲಿ ಹೊಸ ರಾಜಧಾನಿಯನ್ನೂ ಹೊಸ ನೌಕಾದಳವನ್ನೂ ಒಟ್ಟಿಗೆ ಎಬ್ಬಿಸಿದ ಆ ದೊರೆಗೆ ಹಡಗಿನ ಮರವೆಂದರೆ ಪ್ರಾಣ. ಉತ್ತರದ ಅರ್ಖಾಂಗೆಲ್ಸ್ಕ್ ಬಂದರಿನಲ್ಲಿ ಲಾರ್ಚ್ ಹಡಗುಗಳನ್ನು ಕಟ್ಟುತ್ತಿದ್ದರು. ಅಂಥ ಮರ ರಾಜಧಾನಿಯ ಹತ್ತಿರದಲ್ಲೇ ಬೆಳೆದರೆ ಎಷ್ಟು ಅನುಕೂಲ! ಪೀಟರ್ ೧೭೨೫ರಲ್ಲಿ ತೀರಿಕೊಂಡ. ಅವನ ಹಂಬಲ ಕೈಗೂಡಿದ್ದು ಮಹಾರಾಣಿ ಆನಳ ಆಳ್ವಿಕೆಯಲ್ಲಿ. ೧೭೩೮ರಲ್ಲಿ ಫೆರ್ಡಿನಾಂಡ್ ಫೊಕ್ಕೆಲ್ ಎಂಬ ಜರ್ಮನ್ ಅರಣ್ಯತಜ್ಞ ಅರ್ಖಾಂಗೆಲ್ಸ್ಕ್ ಸೀಮೆಯಿಂದ ಬೀಜ ತರಿಸಿ, ಸೇಂಟ್ ಪೀಟರ್ಸ್‌ಬರ್ಗಿನಿಂದ ನಲವತ್ತು ಮೈಲಿಯೊಳಗೆ, ಲಿಂದುಲ ಎಂಬ ತೊರೆಯ ದಡದಲ್ಲಿ ಉತ್ತು ಬಿತ್ತಿದ. ರಾಗಿ ಬಿತ್ತಿದಂತೆ ಕಾಡನ್ನು ಬಿತ್ತಿದ್ದು!

ಅದೇ ೧೭೩೮ರಲ್ಲಿ, ಇತ್ತ ಸ್ಕಾಟ್ಲೆಂಡಿನಲ್ಲಿ, ಮೆಂಜೀಸ್ ಎಂಬ ಜಮೀನುದಾರ ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಯಿಂದ ತನ್ನ ಸಾಮಾನಿನ ಜೊತೆಗೆ ಒಂದಷ್ಟು ಲಾರ್ಚ್ ಸಸಿಗಳನ್ನು ತಂದು, ಅಥಾಲ್ ಪ್ರಭುವಿನ ಡಂಕೆಲ್ಡ್ ಮತ್ತು ಬ್ಲೇರ್ ಎಂಬ ಊರುಗಳಲ್ಲಿ ಕೆಲವನ್ನು ಕೊಟ್ಟು ಹೋದನಂತೆ. ದೂರದೇಶದ ಗಿಡವಲ್ಲವೇ, ನಾಜೂಕಿನದಿರಬೇಕು ಎಂದು ತೋಟದವರು ಅವನ್ನು ಬೆಚ್ಚಗಿನ ಗಾಜಿನ ಮನೆಯಲ್ಲಿಟ್ಟರೆಂದೂ, ಅಲ್ಲಿ ಸೊರಗಿದ ಗಿಡಗಳನ್ನು ಸತ್ತವೆಂದು ಹೊರಗೆ ಎಸೆದಾಗ ತಣ್ಣನೆಯ ಗಾಳಿ ತಾಗಿ ಅವು ಚಿಗುರಿದವೆಂದೂ ಒಂದು ಕಥೆಯುಂಟು. ಇದು ಲಾರ್ಚಿನ ಸ್ವಭಾವಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಕಟ್ಟುಕಥೆಯಾಗಿದ್ದರೂ ಬಿಡಲು ಮನಸ್ಸು ಬಾರದು. ಆ ಸಸಿಗಳಲ್ಲಿ ಕೆಲವನ್ನು ಡಂಕೆಲ್ಡಿನ ಹಳೆಯ ಇಗರ್ಜಿಯ ಪಕ್ಕದಲ್ಲಿ, ಟೇ ನದಿಯ ದಡದಲ್ಲಿ ನೆಟ್ಟರು.

ಹೀಗೆ ಒಂದೇ ವರ್ಷದಲ್ಲಿ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಯೂರೋಪಿನ ಎರಡು ಅಂಚುಗಳಲ್ಲಿ ಎರಡು ತೋಪುಗಳು ಬೇರೂರಿದವು. ಲಿಂದುಲದ್ದು ಮೊದಲಿನಿಂದಲೂ ಸರಕಾರದ ಹಡಗಿಗಾಗಿ. ಡಂಕೆಲ್ಡಿನದು ಮೊದಲು ಬರಿಯ ಕುತೂಹಲಕ್ಕಾಗಿ. ಹಡಗಿನ ಆಸೆ ಅದಕ್ಕೆ ಆಮೇಲೆ ಹುಟ್ಟಿದ್ದು.

‘ಅಪ್ಪ ನೆಟ್ಟ ಆಲದ ಮರ’ ಎಂದು ನಾವು ಹಳೆಯದಕ್ಕೆ ಜೋತುಬಿದ್ದವರನ್ನು ಹಾಸ್ಯ ಮಾಡುತ್ತೇವೆ. ಅಥಾಲ್ ಮನೆತನದಲ್ಲಿ ತಾತ ನೆಟ್ಟದ್ದನ್ನು ಮೊಮ್ಮಗ ಕೋಟಿಗೆ ಏರಿಸಿದ. ಸಸಿಗಳನ್ನು ಮೊದಲು ನೆಡಿಸಿದವನು ಎರಡನೆಯ ಡ್ಯೂಕ್. ಅವನ ಮಗಳ ಮಗ ಜಾನ್, ೧೭೭೪ರಲ್ಲಿ ನಾಲ್ಕನೆಯ ಡ್ಯೂಕ್ ಆಗಿ ಪಟ್ಟಕ್ಕೆ ಬಂದವನು, ಬದುಕಿದ ಅಷ್ಟೂ ಕಾಲ ಮರ ನೆಟ್ಟ. ಜನ ಅವನನ್ನು ‘ನೆಡುವ ಜಾನ್’ ಎಂದೇ ಕರೆದರು. ಆ ಮನೆತನದವರು ನೆಡಿಸಿದ ಲಾರ್ಚ್‌ಗಳ ಸಂಖ್ಯೆ ಸುಮಾರು ೧ ಕೋಟಿ ೪೦ ಲಕ್ಷ. ಮರ ಹಬ್ಬಿದ ನೆಲ ೧೦,೦೦೦ ಎಕರೆಗೂ ಮೇಲೆ. ಹೀದರ್ ಪೊದೆ ಬಿಟ್ಟರೆ ಬೇರೇನೂ ಬೆಳೆಯದಿದ್ದ ಬೋಳು ಗುಡ್ಡಗಳವು. ಲಾರ್ಚ್ ವರ್ಷವರ್ಷವೂ ಎಲೆ ಉದುರಿಸಿ ಅಲ್ಲಿಗೆ ಗೊಬ್ಬರ ಕೊಟ್ಟಿತು. ಚಳಿಗಾಲದಲ್ಲಿ ಬೋಳಾಗಿ ನಿಂತು ಬೆಳಕನ್ನು ನೆಲಕ್ಕೆ ಬಿಟ್ಟಿತು. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮರದ ಕೆಳಗೆ ಹುಲ್ಲು ಹಬ್ಬಿ, ದನಕುರಿಗಳ ಮೇವಿನಿಂದಲೇ ಆ ನೆಲದ ಗೇಣಿ ಹಲವು ಪಟ್ಟು ಏರಿತೆಂದು ಡ್ಯೂಕ್ ಲೆಕ್ಕವಿಟ್ಟಿದ್ದ. ಸದಾ ಹಸಿರಿನ ಪೈನ್ ತೋಪಿನ ಕೆಳಗಾದರೆ ಹುಲ್ಲು ಹೀಗೆ ಬರುತ್ತಿರಲಿಲ್ಲ.

ಒಂದು ಕಡೆ ಮಾತ್ರ ಅವನಿಗೆ ತೊಡಕಾಯಿತು. ಕ್ರೇಗಿಬಾರ್ನ್ಸ್ ಎಂಬ ಕಡಿದಾದ ಬಂಡೆಯ ಗುಡ್ಡ. ಸಂದುಗಳಲ್ಲಿ ಮಣ್ಣುಂಟು, ಆದರೆ ಆಳು ಹತ್ತಲಾರ. ಆಗ ಅಲ್ಲಿಗೆ ಬಂದಿದ್ದ ಚಿತ್ರಕಾರ ಅಲೆಕ್ಸಾಂಡರ್ ನ್ಯಾಸ್ಮಿತ್ ಒಂದು ಉಪಾಯ ಹೇಳಿದ. ಬೀಜಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಅರಮನೆಯ ಫಿರಂಗಿಯಿಂದ ಬಂಡೆಗೆ ಹಾರಿಸಿದರು. ಡಬ್ಬಿ ಒಡೆದು ಬೀಜ ಚದುರಿತು. ಕೆಲವು ವರ್ಷಗಳಲ್ಲಿ ಬಂಡೆಯ ಸಂದುಸಂದಿನಲ್ಲೂ ಗಿಡಗಳೆದ್ದವು. ಫಿರಂಗಿಯಿಂದ ಇಷ್ಟು ಒಳ್ಳೆಯ ಕೆಲಸ ಇನ್ನೆಲ್ಲಾದರೂ ಆಗಿದೆಯೋ ನಾನರಿಯೆ. ಈ ಸಂಗತಿಯನ್ನು ನಮಗೆ ತಿಳಿಸಿದವನು ಚಿತ್ರಕಾರನ ಮಗ ಜೇಮ್ಸ್ ನ್ಯಾಸ್ಮಿತ್. ಅವನು ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಈ ಮಗನ ಹೆಸರು ಸ್ವಲ್ಪ ನೆನಪಿರಲಿ.

ನೆಪೋಲಿಯನ್ನನ ಯುದ್ಧಗಳು ಬಂದಾಗ ಬ್ರಿಟನ್ನಿನ ಮರದ ಬರ ಮಿತಿ ಮೀರಿತು. ಬಾಲ್ಟಿಕ್ ದೇಶಗಳಿಂದ ಬರುತ್ತಿದ್ದ ಮರಕ್ಕೂ ಶತ್ರುಗಳ ಅಡ್ಡಿ. ಓಕ್ ಬಲಿಯುವುದಕ್ಕಿಂತ ಅರ್ಧ ಕಾಲದಲ್ಲಿ, ಅರವತ್ತು ಎಪ್ಪತ್ತು ವರ್ಷಗಳಲ್ಲಿ, ತನ್ನ ಲಾರ್ಚ್ ಹಡಗಿಗೆ ಒದಗುತ್ತದೆ ಎಂದು ಡ್ಯೂಕ್ ಎದೆ ತಟ್ಟಿ ಹೇಳಿದ. ನೌಕಾದಳದವರು ಪರೀಕ್ಷೆಗೆ ಒಪ್ಪಿದರು. ಥೇಮ್ಸ್ ದಡದ ವುಲಿಚ್ ಹಡಗುಕಟ್ಟೆಯಲ್ಲಿ ಇಪ್ಪತ್ತೆಂಟು ಫಿರಂಗಿಯ ಎರಡು ನೌಕೆಗಳನ್ನು ಕಟ್ಟಿದರು: ಒಂದಕ್ಕೆ ಡ್ಯೂಕಿನ ಲಾರ್ಚ್, ಇನ್ನೊಂದಕ್ಕೆ ಬಾಲ್ಟಿಕ್ ಫರ್. ೧೮೨೦ರಲ್ಲಿ ಎರಡೂ ನೀರಿಗಿಳಿದವು. ಲಾರ್ಚ್ ಹಡಗಿಗೆ ‘ಅಥಾಲ್’ ಎಂದೇ ಹೆಸರಾಯಿತು, ಮತ್ತೊಂದು ‘ನೀಮನ್’. ನೀಮನ್ ಎಂಟು ವರ್ಷ ತುಂಬುವಷ್ಟರಲ್ಲಿ ಒಡೆಯುವವರ ಪಾಲಾಯಿತು. ಅಥಾಲ್ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳನ್ನು ಹಿಡಿಯುವ ಕಾವಲಿಗೆ ಹೋಯಿತು, ಆಮೇಲೆ ಸೈನಿಕರನ್ನು ಸಾಗಿಸಿತು, ೧೮೬೩ರವರೆಗೆ ಬಾಳಿತು. ನಲವತ್ತಮೂರು ವರ್ಷ! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ತೇಗದ ಮಾತಿಗೆ ಹಿಂದಿರುಗೋಣ. ಡ್ಯೂಕ್ ಗುಡ್ಡಗಳಲ್ಲಿ ಲಾರ್ಚ್ ನೆಡಿಸುತ್ತಿದ್ದ ಅವೇ ವರ್ಷಗಳಲ್ಲಿ ಅದೇ ನೌಕಾದಳದ ಅದೇ ಹಸಿವು ನಮ್ಮ ಕಾಡಿಗೂ ಬಂದಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು ಬ್ರಿಟಿಷ್ ನೌಕಾದಳಕ್ಕೆ ತೇಗದ ಹಡಗುಗಳನ್ನು ಕಟ್ಟುತ್ತಿದ್ದರು. ಆ ತೇಗ ಬರಬೇಕಾದದ್ದು ಮಲಬಾರ್, ಕನ್ನಡ ಜಿಲ್ಲೆಗಳ ಘಟ್ಟದ ಕಾಡುಗಳಿಂದ. ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಕಾಡಿನ ಸಂರಕ್ಷಣಾಧಿಕಾರಿಯೆಂದು ನೇಮಿಸಿದರು. ಹೆಸರು ಸಂರಕ್ಷಣೆ, ಕೆಲಸ ಹಡಗಿಗೆ ತೇಗ ಒದಗಿಸುವುದು. ತೇಗವೆಲ್ಲ ಸರಕಾರದ ಸ್ವತ್ತೆಂದು ಸಾರಿ, ಜಮೀನಿನ ಒಡೆಯರಿಗೂ ಮರದ ವ್ಯಾಪಾರಿಗಳಿಗೂ ಕೈಯಾಡಿಸಲು ಬಿಡಲಿಲ್ಲ. ದೂರುಗಳು ಹೆಚ್ಚಿ, ಹಿಂದೊಮ್ಮೆ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದು ಆಗ ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಕಾಲದಲ್ಲಿ, ೧೮೨೩ರಲ್ಲಿ, ಆ ಹುದ್ದೆಯನ್ನೇ ರದ್ದುಮಾಡಿದರು. ಬ್ರಿಟನ್ನಿನ ಹಡಗಿನ ಹಸಿವು ಸ್ಕಾಟ್ಲೆಂಡಿನ ಬೋಳು ಗುಡ್ಡದಲ್ಲಿ ಕಾಡು ಬೆಳೆಸಿತು, ನಮ್ಮ ಘಟ್ಟದಲ್ಲಿ ಕಾಡು ಕಡಿಸಿತು. ಅಲ್ಲಿ ನೆಟ್ಟವನು ಆ ನೆಲದ ಒಡೆಯ. ಇಲ್ಲಿ ಕಡಿಸಿದವನು ಹೊರಗಿನವನು. ವ್ಯತ್ಯಾಸದ ಬೇರು ಅಲ್ಲಿದೆ ಎಂದು ನನಗೆ ತೋರುತ್ತದೆ.

ಬೊಂಬಾಯಿಯಲ್ಲಿ ೧೮೧೭ರಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ತೇಗದ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಲಾರ್ಚ್ ನಲವತ್ತಮೂರು ವರ್ಷ ಬಾಳಿತೆಂದು ಡ್ಯೂಕ್ ಬೀಗಬಹುದಿತ್ತು. ತೇಗದ ಮುಂದೆ ಅದು ಚಿಕ್ಕ ವಯಸ್ಸೇ.

ಡ್ಯೂಕ್ ೧೮೩೦ರಲ್ಲಿ ಕಣ್ಣು ಮುಚ್ಚಿದ. ಕೊನೆಯ ಹದಿನೈದು ವರ್ಷಗಳಲ್ಲಿ ಅವನು ನೆಟ್ಟ ಲಕ್ಷಾಂತರ ಮರಗಳು ಹಡಗಿಗೆ ಒದಗಬೇಕಾದದ್ದು ೧೮೮೦ರ ಆಚೀಚೆ. ಆ ಹೊತ್ತಿಗೆ ಏನಾಯಿತು? ಇಲ್ಲಿ ಚಿತ್ರಕಾರನ ಮಗ ಜೇಮ್ಸ್ ನ್ಯಾಸ್ಮಿತ್ ಮತ್ತೆ ಬರುತ್ತಾನೆ. ಅವನು ತಂದೆಯಂತೆ ಕುಂಚ ಹಿಡಿಯದೆ ಯಂತ್ರಗಾರನಾದ. ೧೮೩೯ರಲ್ಲಿ ‘ಗ್ರೇಟ್ ಬ್ರಿಟನ್’ ಎಂಬ ಭಾರಿ ಉಗಿಹಡಗಿನ ಚಕ್ರದ ಅಚ್ಚನ್ನು ಬಡಿದು ಮಾಡಲು ಯಾವ ಕುಲುಮೆಯ ಸುತ್ತಿಗೆಯೂ ಸಾಲದೆಂಬ ಮಾತು ಅವನ ಬಳಿಗೆ ಬಂದಾಗ, ಅವನು ಉಗಿಯಿಂದಲೇ ಎದ್ದು ಬೀಳುವ ದೈತ್ಯ ಸುತ್ತಿಗೆಯ ನಕ್ಷೆಯನ್ನು ತನ್ನ ಪುಸ್ತಕದಲ್ಲಿ ಬರೆದ. ಆ ಹಡಗಿಗೆ ಕೊನೆಗೆ ಚಕ್ರದ ಬದಲು ತಿರುಪು ಹಾಕಿದ್ದರಿಂದ ಆ ಅಚ್ಚು ಬೇಕಾಗಲಿಲ್ಲ. ಆದರೆ ಉಗಿಸುತ್ತಿಗೆ ಉಳಿಯಿತು, ಲೋಕದ ಕಬ್ಬಿಣದ ಕಾರ್ಖಾನೆಗಳಿಗೆಲ್ಲ ಹಬ್ಬಿತು. ಗ್ರೇಟ್ ಬ್ರಿಟನ್ ಹಡಗಿನ ಒಡಲು ಅಷ್ಟೂ ಕಬ್ಬಿಣದ್ದು. ಅದು ೧೮೪೩ರಲ್ಲಿ ನೀರಿಗಿಳಿಯಿತು. ೧೮೬೦ರ ಕೊನೆಯಲ್ಲಿ ಕಬ್ಬಿಣದ ಒಡಲಿನ ಯುದ್ಧನೌಕೆ ‘ವಾರಿಯರ್’ ಬಂದಿತು. ಅಥಾಲ್ ಹಡಗನ್ನು ಒಡೆದದ್ದು ಅದಾದ ಮೂರನೆಯ ವರ್ಷ. ತಂದೆ ಡ್ಯೂಕಿನ ಬಂಡೆಗೆ ಬೀಜ ಹಾರಿಸಿದ. ಮಗನ ಸುತ್ತಿಗೆ ಡ್ಯೂಕಿನ ಮರಕ್ಕೆ ಕೆಲಸವಿಲ್ಲದಂತೆ ಮಾಡಿತು. ಇಬ್ಬರಲ್ಲಿ ಯಾರಿಗೂ ಮತ್ತೊಬ್ಬರ ಕೆಲಸ ಕೆಡಿಸುವ ಉದ್ದೇಶವಿರಲಿಲ್ಲವೆನ್ನಿ!

ಹಾಗೆಂದು ಲಾರ್ಚ್ ವ್ಯರ್ಥವಾಗಲಿಲ್ಲ. ರೈಲು ಹಳಿಯ ಕೆಳಗಿನ ಸ್ಲೀಪರು, ಕಲ್ಲಿದ್ದಲ ಗಣಿಯಲ್ಲಿ ಚಾವಣಿ ಕುಸಿಯದಂತೆ ನಿಲ್ಲಿಸುವ ಆಸರೆ ಕಂಬ, ಬೇಲಿಯ ಗೂಟ, ಸ್ಕಾಟ್ಲೆಂಡಿನ ಬೆಸ್ತರ ದೋಣಿಗಳ ಹಲಗೆ ಇವಕ್ಕೆಲ್ಲ ಅದು ಹೋಯಿತು. ಸಾಮ್ರಾಜ್ಯದ ನೌಕೆಯಾಗಬೇಕಾದದ್ದು ಬೆಸ್ತನ ದೋಣಿಯಾಯಿತು. ನನ್ನನ್ನು ಕೇಳಿ, ಇದರಲ್ಲಿ ಮರಕ್ಕೇನೂ ನಷ್ಟವಿಲ್ಲ. ಡಂಕೆಲ್ಡಿನವರು ೧೮೮೦ರ ದಶಕದಲ್ಲಿ ಜಪಾನಿನ ಲಾರ್ಚನ್ನೂ ತಂದು ನೆಟ್ಟರು. ಗಾಳಿಯಲ್ಲಿ ಪರಾಗ ಬೆರೆತು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಎರಡಕ್ಕಿಂತಲೂ ಬೇಗ ಬೆಳೆಯುವ ಮಿಶ್ರತಳಿಯೊಂದು ತಾನಾಗಿ ಹುಟ್ಟಿಕೊಂಡಿತು. ಅದನ್ನು ಈಗಲೂ ಡಂಕೆಲ್ಡ್ ಲಾರ್ಚ್ ಎನ್ನುತ್ತಾರೆ.

ಲಿಂದುಲದ ತೋಪಿನ ಬಾಳು ಇನ್ನೊಂದು ಬಗೆ. ಅದು ನಿಂತಲ್ಲೇ ನಿಂತಿದ್ದರೂ ದೇಶಗಳು ಅದರ ಮೇಲಿಂದ ಹಾದುಹೋದವು. ರಷ್ಯದಲ್ಲಿ ಬಿತ್ತಿದ ಕಾಡು ೧೮೧೨ರಲ್ಲಿ ಫಿನ್ಲೆಂಡ್ ಸಂಸ್ಥಾನಕ್ಕೆ ಸೇರಿತು; ೧೯೧೭ರಲ್ಲಿ ಫಿನ್ಲೆಂಡ್ ಸ್ವತಂತ್ರವಾದಾಗ ಅದರ ಪಾಲಾಯಿತು; ೧೯೪೦ರಲ್ಲಿ ಸೋವಿಯತ್ ಒಕ್ಕೂಟದ ವಶವಾಗಿ, ಮರುವರ್ಷ ಫಿನ್ಲೆಂಡಿಗೆ ಮರಳಿ, ೧೯೪೪ರಲ್ಲಿ ಮತ್ತೆ ಕೈ ಬದಲಾಯಿಸಿತು. ಈಗ ರಷ್ಯದಲ್ಲಿದೆ. ಫಿನ್ಲೆಂಡಿನ ಅರಣ್ಯತಜ್ಞರು ಅದನ್ನು ರೈವೋಲದ ಲಾರ್ಚ್ ಎಂದು ಕರೆದು, ಅದರ ಬೀಜವನ್ನು ದೂರದೂರ ಒಯ್ದು ಬಿತ್ತಿದರು. ತೋಪಿನಲ್ಲಿ ೧೩೦ ಅಡಿಗೂ ಎತ್ತರದ, ನೂಲು ಹಿಡಿದಂತೆ ನೆಟ್ಟಗಿನ ಮರಗಳಿವೆ. ಹಾಯಿಕಂಬಕ್ಕೆ ಹೇಳಿ ಮಾಡಿಸಿದಂಥವು. ಹಾಯಿ ಹಡಗೇ ಇಲ್ಲವಾದ ಮೇಲೆ ಅವು ಅಲ್ಲೇ ಉಳಿದವು. ೧೯೯೦ರಲ್ಲಿ ಯುನೆಸ್ಕೋ ಸಂಸ್ಥೆ ಸೇಂಟ್ ಪೀಟರ್ಸ್‌ಬರ್ಗನ್ನೂ ಅದರ ಸುತ್ತಲ ಸ್ಮಾರಕಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅರಮನೆ ಇಗರ್ಜಿಗಳ ಜೊತೆಗೆ ಈ ತೋಪೂ ಸೇರಿತು.

ಬ್ರಿಟನ್ನಿನ ಲಾರ್ಚ್‌ಗಳಿಗೆ ಮಾತ್ರ ಈಚೆಗೆ ಕೇಡುಗಾಲ. ೨೦೦೯ರಲ್ಲಿ ಇಂಗ್ಲೆಂಡಿನ ನೈರುತ್ಯ ಭಾಗದ ಜಪಾನಿ ಲಾರ್ಚ್‌ಗಳಲ್ಲಿ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ರೋಗ ಕಾಣಿಸಿಕೊಂಡಿತು. ಈ ಹೆಸರು ಹೊಸದಾಗಿ ಕೇಳಿಸಬಹುದು. ರೋಗದ ಕುಲ ಮಲೆನಾಡಿನವರಿಗೆ ಹೊಸದಲ್ಲ. ನಮ್ಮ ಅಡಿಕೆ ತೋಟಗಳ ಕೊಳೆರೋಗಕ್ಕೂ ಅದೇ ಕುಲದ ಇನ್ನೊಂದು ಜಾತಿಯೇ ಕಾರಣ. ಮೈಸೂರು ಸಂಸ್ಥಾನದ ಡಾಕ್ಟರ್ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಪರೀಕ್ಷಿಸಿ ಬೋರ್ಡೊ ದ್ರಾವಣ ಸಿಂಪಡಿಸುವ ಕ್ರಮವನ್ನು ನಮ್ಮ ರೈತರಿಗೆ ಕಲಿಸಿದರು. ಅಡಿಕೆ ಗೊನೆಗೆ ಹತ್ತಿ ಮದ್ದು ಹೊಡೆಯಬಹುದು. ನೂರಡಿ ಎತ್ತರದ ಕಾಡಿಗೆ ಯಾರು ಹೊಡೆದಾರು? ರೋಗ ಬಿದ್ದ ತೋಪುಗಳನ್ನು ಕಡಿದು ಹಾಕುವುದೊಂದೇ ಉಪಾಯವಾಗಿ, ಸ್ಕಾಟ್ಲೆಂಡ್, ವೇಲ್ಸ್ ಸೀಮೆಗಳಲ್ಲಿ ಲಾರ್ಚ್ ಗುಡ್ಡಗಳು ಮತ್ತೆ ಬೋಳಾಗುತ್ತಿವೆ. ವರ್ಷವರ್ಷವೂ ಹೊಸದಾಗಿ ಹೊರಡುವ ಆ ಎಳೆ ಸೂಜಿಗಳ ಮೇಲೆಯೇ ರೋಗದ ಬೀಜಾಣುಗಳು ಹುಲುಸಾಗಿ ಹುಟ್ಟಿ, ಮಳೆ ಗಾಳಿಗಳಲ್ಲಿ ಹರಡುತ್ತವೆ.

ಡಂಕೆಲ್ಡಿನ ಇಗರ್ಜಿಯ ಪಕ್ಕದಲ್ಲಿ ೧೭೩೮ರಲ್ಲಿ ನೆಟ್ಟ ಸಸಿಗಳ ಪೈಕಿ ಒಂದು ಇಂದಿಗೂ ಉಳಿದಿದೆ. ಹೋದವರಿಗೆಲ್ಲ ಅದನ್ನು ‘ತಾಯಿ ಮರ’ ಎಂಬ ಅರ್ಥ ಬರುವ ಹೆಸರಿನಿಂದ ತೋರಿಸುತ್ತಾರೆ. ಸುತ್ತಲ ಗುಡ್ಡಗಳ ಲಾರ್ಚ್‌ಗಳಲ್ಲಿ ಎಷ್ಟೋ ಅದರ ಮತ್ತು ಅದರ ಒಡಹುಟ್ಟುಗಳ ಬೀಜದಿಂದ ಬಂದವು. ಪ್ರತಿ ವರ್ಷ ಅಕ್ಟೋಬರ್ ಕಳೆಯುವ ಹೊತ್ತಿಗೆ ಅದು ಹೊಂಬಣ್ಣಕ್ಕೆ ತಿರುಗಿ, ಟೇ ನದಿಯ ದಡದ ಹುಲ್ಲಿನ ಮೇಲೆ ತನ್ನ ಸೂಜಿಗಳನ್ನು ಉದುರಿಸುತ್ತದೆ.